ಕೇಬಲ್ ಷೇರೂ ಕೇಳುವ ಕಿವಿಯೂ

ಊರಿನವರಿಗೆಲ್ಲ ದೂರು ಹೇಳಿಕೊಳ್ಳಲು ಅವಳಿದ್ದಳು. ಅವಳಿಗೆ ಯಾರೂ ಇರಲಿಲ್ಲ. ಕೇಬಲ್ ಕಂಪನಿಯ ದೂರು ವಿಭಾಗದಲ್ಲಿ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತರೆ, ಇಲಿ ವೈರು ಕಡಿದದ್ದಕ್ಕೂ ಅವಳನ್ನೇ ಬೈಯುವರು. ಧಾರಾವಾಹಿಯ ನಾಯಕಿ ವಿಷದ ಲೋಟ ಎತ್ತಿದ ಹೊತ್ತಿಗೇ ಪರದೆ ಕಪ್ಪಾದದ್ದಕ್ಕೂ ಅವಳನ್ನೇ ಬೈಯುವರು. (ಆ ನಾಯಕಿ ಕುಡಿದಳೋ ಬಿಟ್ಟಳೋ, ಇವಳಿಗೂ ಗೊತ್ತಿರುತ್ತಿರಲಿಲ್ಲ.) ಸಂಜೆ ಮನೆಗೆ ಬಂದರೆ ಗಂಡ ಟಿವಿಯಿಂದ ಕಣ್ಣು ಕೀಳದೆ ಕಾಫಿಗೆ ಕೈ ಚಾಚುವನು. ಅವನದು ಕನ್ನಡಕದಂಗಡಿ. ಪೇಟೆಯವರ ದೃಷ್ಟಿಯನ್ನೆಲ್ಲ ತಿದ್ದಿ ಮನೆ ಸೇರುವಷ್ಟರಲ್ಲಿ ಅವನ ದೃಷ್ಟಿಯೇ ದಣಿದಿರುತ್ತಿತ್ತು.

ಹೀಗಿರುವಾಗ ಒಂದು ವದಂತಿ ಹುಟ್ಟಿತು. ಯಾವುದೋ ಭಾರಿ ಇಂಟರ್ನೆಟ್ ಕಂಪನಿ ಈ ಕೇಬಲ್ ಕಂಪನಿಯ ಕೈ ಹಿಡಿಯಲಿದೆಯಂತೆ. ಮನೆಮನೆಗೆ ಎಳೆದ ತಂತಿಯೆಲ್ಲ ಚಿನ್ನದ ಸರವಾಗಲಿದೆಯಂತೆ. ಕನ್ನಡಕದಂಗಡಿಯ ಬೆಂಚಿನ ಮೇಲೆ ಈ ಸಂಬಂಧ ಬೆಳಿಗ್ಗೆ ಕುದುರಿ ಸಂಜೆ ಮುರಿಯುತ್ತಿತ್ತು. ಗಂಡ ಆ ಕೇಬಲ್ ಕಂಪನಿಯ ಷೇರು ಕೊಂಡ. ಕೊಂಡ ಮೇಲೆಯೇ ಹೆಂಡತಿ ಎಲ್ಲಿ ಕೆಲಸ ಮಾಡುತ್ತಾಳೆಂಬುದು ನೆನಪಾಯಿತು.

ಅಂದು ಬಸ್ ಸ್ಟಾಪಿನಲ್ಲಿ ಅವನು ಕೊಡೆ ಹಿಡಿದು ನಿಂತಿದ್ದ. ಮಳೆ ಇರಲಿಲ್ಲ.

"ಆಫೀಸಲ್ಲಿ ಏನಾಯ್ತು ಇವತ್ತು?" ಅಂದ.

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ.

"ಏನಿಲ್ಲರೀ."

"ಏನಿಲ್ವಂತೆ. ಬಾಯಿ ಬಿಡಬೇಡ ಅಂದಿದಾರಾ?"

ಅವಳು ಸುಮ್ಮನೆ ನಕ್ಕಳು. ಎಡವಿದ್ದು ಅಲ್ಲಿಯೇ.

ಅಂದಿನಿಂದ ಅವಳ ಮುಖ ಮನೆಯವರ ಪಾಲಿಗೆ ಪಂಚಾಂಗವಾಯಿತು. ತಡವಾಗಿ ಬಂದರೆ ಶುಭ, ನಿಟ್ಟುಸಿರಿಟ್ಟರೆ ಅಶುಭ.

"ಎರಡು ತುತ್ತು ಕಮ್ಮಿ ತಿಂದ್ಲು ಕಣೋ. ಒಳಗೇನೋ ನಡೀತಿದೆ," ಎಂದು ಅತ್ತೆ ಮಗನ ಕಿವಿಯಲ್ಲಿ ಹೇಳುವರು. (ಅತ್ತೆಯ ಪಿಸುಮಾತು ಎದುರುಮನೆಯವರಿಗೆ ಮಾತ್ರ ಸ್ವಲ್ಪ ಅಸ್ಪಷ್ಟ.) ತಲೆನೋವೆಂದರೆ ಗಂಡನೇ ಹಣೆ ಒತ್ತುವನು.

"ಮೀಟಿಂಗಿನ ತಲೆನೋವಾ, ಫೋನಿನದಾ?"

"ಫೋನಿಂದು."

"ಯಾರ ಫೋನು?"

ಅವಳು ಸುಳ್ಳು ಹೇಳಲಿಲ್ಲ. ಮೌನವನ್ನು ಕೊಂಚ ಉದ್ದ ಮಾಡಿದಳು, ಅಷ್ಟೆ. ಆ ಬೆರಳುಗಳು ಹಣೆಯ ಮೇಲಿರುವಾಗ ಸತ್ಯ ಹೇಳಲು ಯಾರಿಗೆ ಮನಸ್ಸು ಬಂದೀತು? ವದಂತಿ ನಿಜವಾಗಲೆಂದು ಅವನು ದೇವರಿಗೆ ಕೈಮುಗಿದರೆ, ನಿಜವೂ ಆಗದೆ ಸುಳ್ಳೂ ಆಗದೆ ಹೀಗೇ ಇರಲಪ್ಪಾ ಎಂದು ಅವಳು ಬೇಡಿಕೊಳ್ಳುವಳು.

ಒಂದು ದಿನ ಆ ಇಂಟರ್ನೆಟ್ ಕಂಪನಿಯಿಂದ ಟೈ ಕಟ್ಟಿದ ಇಬ್ಬರು ನಿಜಕ್ಕೂ ಅವಳ ಆಫೀಸಿಗೆ ಬಂದರು. ಅವಳ ಪಕ್ಕದಲ್ಲಿ ಕೂತು ಅವಳು ಮಾತಾಡುವುದನ್ನೆಲ್ಲ ಕೇಳಿಸಿಕೊಂಡರು. "ಬಹಳ ಸಮಾಧಾನದ ದನಿ ನಿಮ್ಮದು," ಎಂದು ಹೊಗಳಿ, ನಾಲ್ಕು ಸಾಲು ಕೊಟ್ಟು ಮೈಕಿನ ಮುಂದೆ ಓದಿಸಿದರು.

"ನಿನ್ನ ಮಾತನ್ನ? ಅವರು ಕೂತು ಕೇಳಿದ್ರಾ?" ಗಂಡನಿಗೆ ನಂಬಲಾಗಲಿಲ್ಲ. ಅಂಗಡಿಯ ಹೊಸ ಗಾಜಿನ ಬೀರುವಿಗೆಂದು ಕೂಡಿಟ್ಟಿದ್ದನ್ನೂ ಷೇರಿಗೆ ಸುರಿದ.

ಕಂಪನಿಗಳ ಸಂಬಂಧ ಕೂಡಿಬಂತು. ಷೇರು ಗಗನಕ್ಕೇರಿತು. ಗಂಡ ಪೇಟೆಗೆಲ್ಲ ಸಿಹಿ ಹಂಚಿದ. ಅವನಿಗಿನ್ನು ಕೇಳಲು ಏನೂ ಉಳಿದಿರಲಿಲ್ಲ.

ಆ ವಾರವೇ ದೂರು ವಿಭಾಗಕ್ಕೆ ಫೋನೆತ್ತಿ ಉತ್ತರಿಸುವ ಯಂತ್ರ ಬಂತು. ಅವಳ ಕೈಗೆ ಒಂದು ಗೋಡೆ ಗಡಿಯಾರ ಕೊಟ್ಟು, ಚಪ್ಪಾಳೆ ತಟ್ಟಿ ಕಳಿಸಿದರು. ಬಸ್ಸಿಳಿದಾಗ ಮಳೆ ಸುರಿಯುತ್ತಿತ್ತು. ಸ್ಟಾಪಿನಲ್ಲಿ ಯಾರೂ ಇರಲಿಲ್ಲ. ಗಡಿಯಾರವನ್ನೇ ತಲೆಗೆ ಹಿಡಿದು ನಡೆದಳು.

ಮನೆಯಲ್ಲಿ ಟಿವಿ ಕಪ್ಪಾಗಿತ್ತು. ಗಂಡ ದೂರು ವಿಭಾಗಕ್ಕೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಮುಂದಿಟ್ಟುಕೊಂಡು ಕೂತಿದ್ದ, ಪಕ್ಕದಲ್ಲಿ ಅತ್ತೆ.

"ನಿಮ್ಮ ಮಾತು ನಮಗೆ ಮುಖ್ಯ. ದಯವಿಟ್ಟು ಕಾಯಿರಿ. ನಾವು ಕೇಳುತ್ತಿದ್ದೇವೆ," ಎನ್ನುತ್ತಿತ್ತು ಅವಳ ದನಿ.

"ನೋಡಮ್ಮ, ಕಂಪನಿ ಎಷ್ಟು ಸುಧಾರಿಸ್ತು. ಏನು ನಯವಾಗಿ ಮಾತಾಡ್ತಾಳೆ."

"ಗಂಡ ಚೆನ್ನಾಗಿ ನೋಡ್ಕೊಳ್ತಿರಬೇಕು ಬಿಡು," ಅಂದರು ಅತ್ತೆ. "ಇಲ್ದಿದ್ರೆ ಆ ದನಿ ಎಲ್ಲಿಂದ ಬರುತ್ತೆ?"

ಬಾಗಿಲಲ್ಲಿ ನೀರು ತೊಟ್ಟಿಕ್ಕಿಸುತ್ತ ಅವಳು, "ರೀ, ನನ್ನ ಕೆಲಸ..." ಎಂದಳು.

ಅವನು ತಿರುಗದೆ ಕೈಯೆತ್ತಿದ.

"ಶ್, ಸ್ವಲ್ಪ ಸುಮ್ನಿರು. ಅವರು ಮಾತಾಡ್ತಾ ಇದಾರೆ."