ಟಿಕೆಟ್ ತಗೊಂಡು ತವರಿಗೆ

ಮ್ಯೂಸಿಯಂ ಎಂದರೆ ನನಗೆ ಅಷ್ಟಕ್ಕಷ್ಟೆ. ಊರಿಂದ ಯಾರಾದರೂ ಆಕ್ಲೆಂಡಿಗೆ ಬಂದರೆ ಅವರನ್ನು ಮ್ಯೂಸಿಯಂ ಒಳಗೆ ಬಿಟ್ಟು, ಹೊರಗಿನ ಹುಲ್ಲಿನ ಮೇಲೆ ಕಾಲು ಚಾಚಿ ಮಲಗುವ ಆಸಾಮಿ ನಾನು. ಸತ್ತವರ ಬಟ್ಟಲು, ಬಾಚಣಿಗೆಗಳನ್ನು ದುಡ್ಡು ಕೊಟ್ಟು ನೋಡುವುದೇನಿದೆ ಎಂದು ವಾದವನ್ನೂ ಹೂಡುತ್ತಿದ್ದೆ. ಅಂಥವನು ಫಿಲಿಪ್ಪೀನ್ಸ್‌ವರೆಗೆ ಹೋಗಿ ಮ್ಯೂಸಿಯಂ ಆದ ಮನೆಯೊಂದನ್ನು ನೋಡಿಬಂದದ್ದು ರಾಮೋನ್ ದೆಸೆಯಿಂದ.

ರಾಮೋನ್ ಆಕ್ಲೆಂಡಿನ ಈಸ್ಟ್ ತಮಾಕಿಯ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನವನು. ಅವನ ತಾಯಿ ನಮಗೆಲ್ಲ ಆಂಟಿ. ಅವರು ದೊಡ್ಡ ಮನೆತನದ ಮಗಳಂತೆ. ಮನೆಯ ಕಾರು ಓಡಿಸುತ್ತಿದ್ದ ಹುಡುಗನನ್ನು ಮದುವೆಯಾದರು. "ಇನ್ನು ಈ ಹೊಸ್ತಿಲು ತುಳಿಯಬೇಡ" ಎಂದರು ಅಪ್ಪ. ಮಗಳು ತುಳಿಯಲಿಲ್ಲ. ಅಪ್ಪ ಹೋದರು, ಅಣ್ಣಂದಿರೂ ಹೋದರು, ಮನೆ ಊರಿನವರ ಕೈ ಸೇರಿ ಮ್ಯೂಸಿಯಂ ಆಯಿತು. ಗಂಡ ತೀರಿಕೊಂಡ ಮೇಲೆ ಮಗನ ಜೊತೆ ಆಕ್ಲೆಂಡಿನಲ್ಲಿದ್ದ ಆಂಟಿ ಒಂದು ದಿನ, "ಒಮ್ಮೆ ನೋಡಬೇಕು" ಎಂದರು. ನಾನು ರಜೆಗೆ ಮೈಸೂರಿಗೆ ಹೊರಟಿದ್ದೆ. "ಮನೀಲಾ ಮೇಲೆ ಹೋಗು, ನಮ್ಮ ಜೊತೆ ಬಾ. ಅಮ್ಮ ಅತ್ತರೆ ನನ್ನ ಕೈಲಾಗಲ್ಲ" ಎಂದ ರಾಮೋನ್. ಸಿನಿಮಾದಲ್ಲಿ ಮದುವೆ ನಡೆದರೂ ಅಳುವವನು ನಾನು ಎಂದು ಪಾಪ ಅವನಿಗೆ ಗೊತ್ತಿರಲಿಲ್ಲ.

ಆಂಟಿಯ ತವರುಮನೆ ಕೆಳಗೆ ಕಲ್ಲು, ಮೇಲೆ ಮರ. ಕಿಟಕಿಗಳಿಗೆ ಗಾಜಿನ ಬದಲು ತೆಳ್ಳನೆಯ ಚಿಪ್ಪಿನ ಬಿಲ್ಲೆಗಳು. ಬಾಗಿಲಲ್ಲಿದ್ದವನು, "ಲೋಲಾ, ಟಿಕೆಟ್" ಎಂದ. ಲೋಲಾ ಎಂದರೆ ಅಜ್ಜಿ. ರಾಮೋನ್ ಮುಖ ಕೆಂಪಾಯಿತು. ಆಂಟಿ ಅವನ ತೋಳು ಅದುಮಿ, ತಾವೇ ಸಾಲಿನಲ್ಲಿ ನಿಂತು ಟಿಕೆಟ್ ತಂದರು.

ಮಹಡಿಯ ಹಜಾರದಲ್ಲಿ ಮನೆ ತೋರಿಸುವ ಹುಡುಗಿ ದೊಡ್ಡ ಚಿತ್ರಪಟದತ್ತ ಕೈ ಮಾಡಿದಳು. "ಇವರೇ ಯಜಮಾನರು. ಮೂವರು ಗಂಡುಮಕ್ಕಳು."

"ಹೆಣ್ಣುಮಕ್ಕಳು?" ಆಂಟಿ ಕೇಳಿದರು.

"ಇರಲಿಲ್ಲ ಲೋಲಾ."

ಆಂಟಿ, ಯಾರೂ ಮುಟ್ಟದಂತೆ ಸುತ್ತ ಹಗ್ಗ ಕಟ್ಟಿದ್ದ ಪಿಯಾನೊ ತೋರಿಸಿ, "ಎಡಗಡೆಯ ಕೊನೇ ಪಟ್ಟಿ ಒತ್ತಿ ನೋಡು. ಸದ್ದು ಬರಲ್ಲ. ಚಿಕ್ಕವಳಿದ್ದಾಗ ಅದರ ಮೇಲೆ ಶರಬತ್ತು ಚೆಲ್ಲಿದ್ದೆ" ಎಂದರು.

ಹುಡುಗಿ ಒತ್ತಿದಳು. ಸದ್ದು ಬರಲಿಲ್ಲ. ಅವಳು ಚಿತ್ರಪಟ ನೋಡಿದಳು, ಆಂಟಿಯನ್ನು ನೋಡಿದಳು. ಅದೇ ಮೂಗು, ಅದೇ ಹಣೆ. ಹಗ್ಗ ಬಿಚ್ಚಿ, ಪಿಯಾನೊ ಮುಂದಿನ ಕುರ್ಚಿ ಎಳೆದುಕೊಟ್ಟಳು.

ಆಂಟಿ ಕೂತರು, ನುಡಿಸಲಿಲ್ಲ. ಅಪ್ಪನ ಮುಖ ನೋಡುತ್ತ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ರಾಮೋನ್ ನನ್ನ ಕಿವಿಯಲ್ಲಿ ಪಿಸುಗುಟ್ಟಿದ: "'ಕದ್ದು ಬಂದಿಲ್ಲ ಅಪ್ಪಾ, ಟಿಕೆಟ್ ತಗೊಂಡೇ ಬಂದಿದೀನಿ' ಅಂತಿದಾಳೆ."

ಯಾರೂ ನಗಲಿಲ್ಲ. ಅತ್ತವನು ನಾನೊಬ್ಬನೇ. ಆಂಟಿಯೇ ಎದ್ದು ಬಂದು ನನ್ನ ಬೆನ್ನು ಸವರಿದರು. ನಾವು ಮೆಟ್ಟಿಲಿಳಿಯುವಾಗ ಮೇಲೆ ಮುಂದಿನ ಗುಂಪಿಗೆ ಆ ಹುಡುಗಿ ಹೇಳುವುದು ಕೇಳಿಸಿತು: "ಮೂವರು ಗಂಡುಮಕ್ಕಳು, ಒಬ್ಬಳು ಮಗಳು." ಆಂಟಿ ಕಟಕಟೆ ಹಿಡಿದು ಒಂದು ಕ್ಷಣ ನಿಂತರು.

ಬಾಗಿಲ ಹತ್ತಿರ ಅದೇ ಚಿತ್ರಪಟದ ಪೋಸ್ಟ್‌ಕಾರ್ಡ್ ಮಾರುತ್ತಿದ್ದರು. ಈಗ ಯಜಮಾನರು ಆಕ್ಲೆಂಡಿನಲ್ಲಿ, ರಾಮೋನ್ ಮನೆಯ ಫ್ರಿಜ್ ಮೇಲೆ, ಡ್ರೈವರ್ ಅಳಿಯನ ಫೋಟೊ ಪಕ್ಕದಲ್ಲೇ ಇದ್ದಾರೆ. ಊಟಕ್ಕೆ ಹೋದಾಗ ನಾನು ಮಾತ್ರ ಅವರಿಗೆ ಬೆನ್ನು ಹಾಕಿಯೇ ಕೂರುತ್ತೇನೆ. ನನಗೂ ಮದುವೆ ವಯಸ್ಸಿನ ಮಗಳೊಬ್ಬಳಿದ್ದಾಳೆ, "ನೀನಾಗಿದ್ದರೆ ಏನು ಮಾಡ್ತಿದ್ದೆ?" ಎಂದು ಅವರು ಕೇಳಿಬಿಟ್ಟರೆ?