ಮೊದಲ ಕಂತಿನ ದೆವ್ವ

ಹಂಪಯ್ಯನವರಿಗೆ ದೆವ್ವಗಳ ಮೇಲೆ ವೈಯಕ್ತಿಕ ದ್ವೇಷವೇನೂ ಇರಲಿಲ್ಲ. ಅವರ ತಕರಾರೆಲ್ಲ ದೆವ್ವ ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂಬುದರ ಬಗ್ಗೆ. ಭಾನುವಾರ ಮಧ್ಯಾಹ್ನ ಗಡದ್ದಾಗಿ ಉಂಡು ಟೀವಿಯ ಮುಂದೆ ಕೂತು ಹನ್ನೊಂದು ನಿಮಿಷವಾಗಿತ್ತು. ಅಷ್ಟರಲ್ಲಿ ಪರದೆಯ ಮೇಲೆ ಒಂದು ಬೆಕ್ಕು ಎರಡು ಸಲ ಅಡ್ಡ ಬಂತು, ಒಂದು ನಲ್ಲಿ ಮೂರು ಸಲ ತೊಟ್ಟಿಕ್ಕಿತು, ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳು ಹಳೇ ಅಕ್ಕಿ ಗಿರಣಿಯ ಅಂಗಳ ಪೂರ್ತಿ ಗುಡಿಸಿ ಮುಗಿಸಿದಳು. ಕೊನೆಗೆ ಹೊಟ್ಟು ತುಂಬುವ ಕೋಣೆಯಿಂದ ಯಾರೋ ಕೆಮ್ಮಿದರು. ಹುಡುಗಿ ಸೊಂಟದ ಮೇಲೆ ಕೈಯಿಟ್ಟು "ಯಾರದು?" ಎಂದು ಗದರಿದ್ದೇ ತಡ, ಕೋಣೆಯೊಳಗಿನ ಹೆಜ್ಜೆಗಳು ದಡದಡ ಓಡಿಹೋದವು.

"ಹ್ಞೂಂ… ಸಾಕ್ ಬಿಡು," ಎಂದವರೇ ಹಂಪಯ್ಯನವರು ರಿಮೋಟ್ ಒತ್ತಿ ಟೀವಿ ಆರಿಸಿಬಿಟ್ಟರು.

ಈ ಮಾತಿನ ತೂಕ ತಿಳಿಯಬೇಕಾದರೆ ಕಂಪ್ಲಿಯ ಭತ್ತದ ಮಾರುಕಟ್ಟೆಗೆ ಹೋಗಬೇಕು. ಅಲ್ಲಿ ವ್ಯಾಪಾರಿ ಹಂಪಯ್ಯನವರೆಂದರೆ ಒಂದು ಸಂಚಾರಿ ನ್ಯಾಯಪೀಠ. ನಲವತ್ತು ಚೀಲ ಹೇರಿಕೊಂಡು ಟ್ರ್ಯಾಕ್ಟರ್ ಬಂದು ನಿಂತರೆ, ಅವರು ಒಂದೇ ಚೀಲಕ್ಕೆ, ಅದೂ ಒಂದೇ ಸಲ, ತಮ್ಮ ಕಬ್ಬಿಣದ ಚುಚ್ಚುಗೊಳವೆಯನ್ನು ನುಗ್ಗಿಸುತ್ತಾರೆ. ಅಂಗೈಗೆ ಉದುರಿದ ಭತ್ತದಲ್ಲಿ ಒಂದು ಕಾಳು ಹೆಕ್ಕಿ, ಹಲ್ಲಿನಡಿ ಇಟ್ಟು 'ಕಟಕ್' ಎನ್ನಿಸಿ, ಕಣ್ಣು ಮುಚ್ಚುತ್ತಾರೆ. ಆಮೇಲೆ "ಹ್ಞೂಂ… ಸಾಕ್ ಬಿಡು. ತೇವ ಐತಿ, ಒಯ್ಯಿ" ಎಂದರೆ ನಲವತ್ತು ಚೀಲವೂ ಬಂದ ದಾರಿ ಹಿಡಿದಂತೆಯೇ. ಇಪ್ಪತ್ತಾರು ವರ್ಷದಲ್ಲಿ ಅವರು ಎರಡನೇ ಕಾಳು ಕಡಿದವರಲ್ಲ, ಕೊಟ್ಟ ತೀರ್ಪು ತಿದ್ದಿದವರಲ್ಲ. ಅವರ ಗತ್ತು, ಗೌರವ, ವ್ಯಾಪಾರ ಮೂರೂ ನಿಂತಿದ್ದು ಆ ಒಂದು ಕಾಳಿನ ಮೇಲೆ.

ಮನೆಯಲ್ಲೂ ಇದೇ ಕಾನೂನು. ಸೀರೆಯ ಸೆರಗು ನೋಡಿ ಸೀರೆ, ಮೊದಲ ತುತ್ತು ನೋಡಿ ಊಟ, ಲಗ್ನಪತ್ರಿಕೆ ನೋಡಿ ಮದುವೆ. ಇಪ್ಪತ್ತೆಂಟು ವರ್ಷದ ಹಿಂದೆ ಹೆಣ್ಣು ನೋಡಲು ಮರಿಯಮ್ಮನಹಳ್ಳಿಗೆ ಹೋದಾಗಲೂ, ಚಂದ್ರಕಲಮ್ಮನವರು ತಂದಿಟ್ಟ ಉಪ್ಪಿಟ್ಟಿನ ಮೊದಲ ಚಮಚಕ್ಕೇ "ನನಗ ಒಪ್ಪಿಗಿ" ಎಂದಿದ್ದರು. (ಉಪ್ಪಿಟ್ಟು ಮಾಡಿದ್ದು ಅವರ ಅತ್ತಿಗೆ ಎಂಬುದು ಮದುವೆಯಾದ ಎಂಟನೇ ದಿನ ತಿಳಿಯಿತು. ಈ ಸಂಗತಿ ಮಾರುಕಟ್ಟೆಗೆ ಇನ್ನೂ ತಲುಪಿಲ್ಲ.)

ಆರಿಹೋದ ಟೀವಿಯನ್ನೇ ನೋಡುತ್ತ ಚಂದ್ರಕಲಮ್ಮನವರು ಕೇಳಿದರು: "ಯಾಕ್ರೀ ಬಂದ್ ಮಾಡಿದ್ರಿ? ಇನ್ನಾ ಒಂಬತ್ತು ನಿಮಿಷ ಐತಿ."

"ನಿಮ್ಮ ಪಲ್ಲವಿಗೆ ಹೇಳು, ಮದುವಿ ವಿಡಿಯೋನ ನೆಟ್ಟಗ ತೆಗಿ ಅಂತ. ದೆವ್ವದ ಉಸಾಬರಿ ಬ್ಯಾಡ."

ಪಲ್ಲವಿ ಎಂದರೆ ಚಂದ್ರಕಲಮ್ಮನವರ ಅಣ್ಣನ ಮಗಳು. ಹೊಸಪೇಟೆಯಲ್ಲಿ ಮದುವೆ ವಿಡಿಯೋ ತೆಗೆಯುವ ಸ್ಟುಡಿಯೋ ಇಟ್ಟವಳು, ಗೆಳೆಯರನ್ನು ಕಟ್ಟಿಕೊಂಡು 'ಹೊಟ್ಟಿನ ಕೋಣೆ' ಎಂಬ ಆರು ಕಂತಿನ ಭಯಾನಕ ಧಾರಾವಾಹಿ ತೆಗೆದಿದ್ದಳು. ವಾರಕ್ಕೊಂದು ಕಂತಿನಂತೆ ಯೂಟ್ಯೂಬಿಗೆ ಬಿಡತೊಡಗಿದ್ದಳು.

"ಒಂದು ಕಂತ ಪೂರಾ ನೋಡದ ಹೆಂಗ ಹೇಳತೀರಿ? ದೆವ್ವ ಬರೋದು ಮೂರನೇದ್ರಾಗ."

"ಮೂರನೇದ್ರಾಗ ಬರೋ ದೆವ್ವ ಹೆಂಗದ ಅಂತ ಮೊದಲನೇದ್ರಾಗ ಗೊತ್ತಾತು. ಹೆಣ್ಣುಮಗಳು ಒಂದು ದನಿ ಏರಿಸಿದ್ದಕ್ಕ ಓಡಿತು. ಅದು ದೆವ್ವೇನ? ಹೆಂಡ್ತಿಗೆ ಅಂಜಿ ಅಂಜಿ ಸತ್ತ ಯಾವನೋ ಪುಕ್ಕಲ ಗಂಡ."

"ಮಾವನೋರು ಚೀಲಕ್ಕ ಮೂರು ಕಡೆ ಚುಚ್ಚತಿದ್ರು. ಬಾಯಿ, ನಡು, ತಳ. ನಾನ ಕಣ್ಣಾರೆ ನೋಡೀನಿ."

"ಅಪ್ಪಗ ನನ್ನಷ್ಟು ಅಂದಾಜು ಇರಲಿಲ್ಲ," ಎಂದು ಹಂಪಯ್ಯನವರು ಗೋಡೆಯ ಮೇಲಿನ ಅಪ್ಪನ ಫೋಟೋ ಕಡೆ ನೋಡದೆ ಹೇಳಿದರು.

ಚಂದ್ರಕಲಮ್ಮನವರ ಮುಖ ಸಣ್ಣದಾಯಿತು. ಅವರಿಗೆ ನಿಜಕ್ಕೂ ನೋವಾಗಿತ್ತು. ಅಷ್ಟು ಪುಟ್ಟ ವಿಷಯಕ್ಕೆ ಅಷ್ಟು ದೊಡ್ಡ ನೋವು ಯಾಕೆ ಎಂದು ಗಂಡನಾದವನು ಒಂದು ಮಾತು ಕೇಳಬಹುದಿತ್ತು. ಹಂಪಯ್ಯನವರು ಕೇಳಲಿಲ್ಲ, ಮೊಬೈಲು ಎತ್ತಿಕೊಂಡರು. ಮಾರುಕಟ್ಟೆಯ 'ಭತ್ತದ ಬಳಗ' ಎಂಬ ವಾಟ್ಸಾಪ್ ಗುಂಪಿನಲ್ಲಿ ಇನ್ನೂರಾ ಹನ್ನೆರಡು ಜನ ತಮ್ಮ ಅಭಿಪ್ರಾಯಕ್ಕಾಗಿ ಬಾಯಿಬಿಟ್ಟುಕೊಂಡು ಕಾಯುತ್ತಿದ್ದಾರೆ ಎಂಬುದು ಅವರ ದೃಢ ನಂಬಿಕೆ.

"ಎಲ್ಲಾರಿಗೂ ಶರಣ್ರೀ," ಎಂದು ಧ್ವನಿಮುದ್ರಣ ಶುರುವಾಯಿತು. "ಹೊಟ್ಟಿನ ಕೋಣೆ ಅಂತ ಒಂದು ದೆವ್ವದ ಸೀರಿಯಲ್ಲು ಬಂದೈತಿ. ಯಾರೂ ಅಂಜೋದು ಬ್ಯಾಡ. ಈ ದೆವ್ವ ಬದುಕಿದ್ದಾಗ ಊರಾಗ ಹುಲಿ, ಮನ್ಯಾಗ ಇಲಿ. ಹೆಂಡ್ತಿ ಕರದ್ರ ಕೈಯಾಗಿಂದು ಬಿಟ್ಟು ಓಡೋ ಗಿರಾಕಿ. ಒಂದ ಕಾಳು ಕಡದು ಹೇಳಾಕತ್ತೀನಿ, ನನ್ನ ತೀರ್ಪು ತಪ್ಪಾಗಂಗಿಲ್ಲ!"

ಮರುದಿನ ಬೆಳಿಗ್ಗೆ ಅವರ ತಟ್ಟೆಗೆ ಒಂದು ಚಮಚ ಅವಲಕ್ಕಿ ಬಿತ್ತು. ಒಂದೇ ಚಮಚ.

"ಇದೇನಿದು?"

"ಸ್ಯಾಂಪಲ್ಲು. ನಿಮಗ ಅಷ್ಟ ಸಾಕಲ್ಲ?"

ಮಧ್ಯಾಹ್ನ ಅರ್ಧ ರೊಟ್ಟಿ, ಸಂಜೆ ಲೋಟದ ತಳ ಒದ್ದೆಯಾಗುವಷ್ಟು ಚಹಾ. ಮೂರು ದಿನ ಈ ಉಪಚಾರ ನಡೆದು, ಹಂಪಯ್ಯನವರು ಮಾರುಕಟ್ಟೆಯ ಹೋಟೆಲಿನಲ್ಲಿ ಮಿರ್ಚಿ ತಿಂದು ಎದೆಯುರಿ ತಂದುಕೊಂಡ ಮೇಲೆ ಚಂದ್ರಕಲಮ್ಮನವರೇ ಕನಿಕರಪಟ್ಟು ಊಟವನ್ನು ಮೊದಲಿನಂತೆ ಮಾಡಿದರು. ಮಾತನ್ನು ಮಾತ್ರ ಒಂದೊಂದೇ ಚಮಚ ಬಡಿಸತೊಡಗಿದರು. ಎರಡನೇ ಕಂತು ಬಂದ ಭಾನುವಾರ ಹಂಪಯ್ಯನವರು ಸಂಡೂರಿನಲ್ಲಿ ಮದುವೆಯೂಟದ ಪಾಯಸಕ್ಕೆ ತೀರ್ಪು ಕೊಡಲು ಹೋಗಿದ್ದರು. ಮೂರನೇ ಕಂತು ಬಂದಾಗ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದರು.

ಸೋಮವಾರ ಬೆಳಿಗ್ಗೆ ಮಾರುಕಟ್ಟೆಗೆ ಕಾಲಿಟ್ಟಾಗ ಅಲ್ಲಿನ ಹವಾ ಎಂದಿನಂತಿರಲಿಲ್ಲ. ಹಮಾಲರು ಅವರನ್ನು ನೋಡಿ ಚೀಲದ ಹಿಂದೆ ಮುಖ ಮುಚ್ಚಿಕೊಂಡರು. ಚಹಾದವನು ಲೋಟ ಕೊಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಹೆದರುತ್ತಿದ್ದಾರೋ, ನಗುತ್ತಿದ್ದಾರೋ ತಿಳಿಯಲಿಲ್ಲ. ಹೆದರಿಕೆಯೇ ಇರಬೇಕೆಂದು ಹಂಪಯ್ಯನವರು ಮನಸ್ಸಿಗೆ ಸಮಾಧಾನ ಹೇಳಿಕೊಂಡು, ಎಮ್ಮಿಗನೂರಿನ ರೈತ ಗಾದಿಲಿಂಗಪ್ಪನ ಟ್ರ್ಯಾಕ್ಟರಿನತ್ತ ನಡೆದರು. ಒಂದು ಚೀಲ ಚುಚ್ಚಿದರು. ಕಾಳು ಹೆಕ್ಕಿದರು. ಕಟಕ್!

ಇಡೀ ಅಂಗಳ ಘೊಳ್ಳೆಂದಿತು.

"ಹ್ಞೂಂ… ಸಾಕ್ ಬಿಡು. ತೇವ ಐತಿ, ಒಯ್ಯಿ," ಎಂದರು ಹಂಪಯ್ಯನವರು, ನಗುವನ್ನು ಅಲಕ್ಷಿಸಿ.

ಗಾದಿಲಿಂಗಪ್ಪ ಎರಡೂ ಕೈ ಜೋಡಿಸಿದ. "ಭತ್ತ ಒಯ್ತೀನ್ರೀ ಸಾವ್ಕಾರ್ರೇ. ಆದ್ರ ನನಗ ಚುಚ್ಚಬ್ಯಾಡ್ರಿ!"

"ಏನಾಗೇತಲೇ ನಿಮಗೆಲ್ಲ?"

ಪಕ್ಕದ ಅಂಗಡಿಯ ಕಾಳಪ್ಪ, ಹಂಪಯ್ಯನವರಷ್ಟೇ ಹಳೆಯ ವ್ಯಾಪಾರಿ, ಅಷ್ಟೇ ಹಳೆಯ ಕಿಡಿಗೇಡಿ, ತನ್ನ ಮೊಬೈಲನ್ನು ಅವರ ಮೂಗಿಗೆ ಹಿಡಿದ. "ಮೂರನೇ ಕಂತು ನೀವು ನೋಡಿಲ್ಲೇನು? ನೋಡ್ರಿ, ನೋಡ್ರಿ."

ಹೊಟ್ಟಿನ ಕೋಣೆಯ ಬಾಗಿಲು ಕಿರ್ರೆಂದಿತು. ಮಬ್ಬು ಬೆಳಕಿನಲ್ಲಿ ಬಿಳಿ ಪಂಚೆಯೊಂದು ತೇಲಿ ಬಂತು. ಅದರ ಮುಖ ಕಂಡದ್ದೇ ಹಂಪಯ್ಯನವರು "ಯಪ್ಪೋ!" ಎಂದು ಚೀರಿ ಕಾಳಪ್ಪನ ತೋಳು ಹಿಡಿದರು. (ಬೆಳಗಿನ ಹತ್ತೂವರೆಗೆ, ಸುಡುವ ಬಿಸಿಲಿನಲ್ಲಿ, ನೂರಾರು ಜನರ ನಡುವೆ.) ಮುಖ ಸುಣ್ಣ ಬಳಿದಂತಿತ್ತು ನಿಜ. ಆದರೆ ಎಡ ಹೆಗಲ ಮೇಲೆ ನಾಲ್ಕು ಮಡಿಕೆಯ ಟವೆಲ್ಲು ಯಾರದು? ಕೊರಳಿಗೆ ದಾರದಲ್ಲಿ ನೇತಾಡುವ ಕನ್ನಡಕ ಯಾರದು? ಜೇಬಿನ ಮೇಲೆ ಶಾಯಿ ಸೋರಿದ ಆ ಬೂದು ಅಂಗಿ ಯಾರದು? ಸ್ಟೀಲ್ ಪಾತ್ರೆಯವಳು ಬಂದಾಗ ಹಳೇ ಬಟ್ಟೆಯ ಜೊತೆ ಹಾಕಿಬಿಟ್ಟೆ ಎಂದು ಹೆಂಡತಿ ಹೇಳಿದ್ದ ಅವರದೇ ಅಂಗಿ ಅದು. ಅದರ ಬದಲಿಗೆ ಪಾತ್ರೆ ಯಾವುದೂ ಮನೆಗೆ ಬಂದಿರಲಿಲ್ಲ ಎಂಬುದು ಹಂಪಯ್ಯನವರಿಗೆ ಈಗ ಹೊಳೆಯಿತು.

ದೆವ್ವದ ಕೈಯಲ್ಲಿ ಚುಚ್ಚುಗೊಳವೆ ಇತ್ತು. ಊರಿನವರು ಸಾಲಾಗಿ ನಿಂತಿದ್ದರು. ದೆವ್ವ ಒಬ್ಬೊಬ್ಬರ ಪಕ್ಕೆಗೆ ಚುಚ್ಚಿ, ಅಂಗೈಗೆ ಉದುರಿದ್ದನ್ನು ಕಟಕ್ ಎಂದು ಕಡಿದು, ಕಣ್ಣು ಮುಚ್ಚಿ, "ಹ್ಞೂಂ… ಸಾಕ್ ಬಿಡು. ಕಸ ಐತಿ, ಒಯ್ಯಿ" ಎನ್ನುತ್ತಿತ್ತು. ಅಷ್ಟರಲ್ಲಿ ಎಲ್ಲಿಂದಲೋ ಒಂದು ಹೆಣ್ಣುದನಿ "ಏನ್ರೀ…" ಎಂದು ಕರೆಯಿತು. ದೆವ್ವ ಕೊಳವೆಯನ್ನು ಕೈಬಿಟ್ಟು "ಬಂದೆ, ಬಂದೆ" ಎನ್ನುತ್ತ ಪಂಚೆ ಎತ್ತಿಕೊಂಡು ಗೋಡೆಯೊಳಗೆ ಓಡಿತು.

ಕಂತು ಮುಗಿದು ಹೆಸರುಗಳು ಬಂದವು. 'ಕಥೆ, ಸಂಭಾಷಣೆ: ಶ್ರೀಮತಿ ಚಂದ್ರಕಲಾ ಹಂಪಯ್ಯ.'

"ಮೊದಲನೇ ಕಂತಿನ ಕೊನಿಗೂ ಈ ಹೆಸರು ಐತ್ರಿ," ಎಂದ ಕಾಳಪ್ಪ. "ಪೂರಾ ನೋಡಿದ್ರ ಕಾಣತಿತ್ತು."

ಹೆಂಡತಿಯ ಮುಖ ಯಾಕೆ ಸಣ್ಣದಾಗಿತ್ತು ಎಂಬುದು ಆಗ ಹಂಪಯ್ಯನವರಿಗೆ ಅರ್ಥವಾಯಿತು. ಮಧ್ಯಾಹ್ನಗಳಲ್ಲಿ ಆಕೆ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದುದನ್ನು ಅವರು ಮೊದಲ ಪುಟದ ಮೊದಲ ಸಾಲು ನೋಡಿ 'ಅಡಿಗಿ ಸಾಮಾನಿನ ಚೀಟಿ' ಎಂದು ತೀರ್ಮಾನಿಸಿದ್ದರು. ನಾಚಿಕೆಯೂ ಆಯಿತು, ಸಿಟ್ಟೂ ಬಂತು, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು. ಅದನ್ನೆಲ್ಲ ಅನುಭವಿಸಲು ಕಾಳಪ್ಪ ಪುರುಸೊತ್ತು ಕೊಡಬೇಕಲ್ಲ! ಹದಿನೈದು ದಿನದ ಹಿಂದಿನ ಧ್ವನಿಮುದ್ರಣವನ್ನು ಹುಡುಕಿ ತೆಗೆದು ಒತ್ತಿಯೇಬಿಟ್ಟ. "…ಊರಾಗ ಹುಲಿ, ಮನ್ಯಾಗ ಇಲಿ. ಹೆಂಡ್ತಿ ಕರದ್ರ ಕೈಯಾಗಿಂದು ಬಿಟ್ಟು ಓಡೋ ಗಿರಾಕಿ… ನನ್ನ ತೀರ್ಪು ತಪ್ಪಾಗಂಗಿಲ್ಲ!"

ನಗು ಅಡಗಿದ ಮೇಲೆ ಗಾದಿಲಿಂಗಪ್ಪ ವಿನಯದಿಂದ ಕೇಳಿದ. "ಸಾವ್ಕಾರ್ರೇ, ಒಂದು ಮಾತು. ದೆವ್ವಕ್ಕ ಕೊಟ್ಟ ನಿಮ್ಮ ತೀರ್ಪು ಖರೇನೋ, ಸುಳ್ಳೋ? ಸುಳ್ಳಾದ್ರ, ನನ್ನ ಭತ್ತಾನೂ ಇನ್ನೊಮ್ಮಿ ನೋಡಬೇಕಾಗ್ತೈತಿ."

ಅವನ ಹಿಂದೆ ಹದಿನಾಲ್ಕು ಟ್ರ್ಯಾಕ್ಟರುಗಳು ನಿಂತಿದ್ದವು. ಹಂಪಯ್ಯನವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ತೀರ್ಪು ಸುಳ್ಳೆಂದರೆ ಇಪ್ಪತ್ತಾರು ವರ್ಷದ ಒಂದು ಕಾಳಿನ ಕಾನೂನು ಈ ಅಂಗಳದಲ್ಲೇ ಮಣ್ಣುಪಾಲು. ತಿರುಗಿ ಕಳಿಸಿದವರೆಲ್ಲ ನಾಳೆ ಬೆಳಿಗ್ಗೆ ಬಾಗಿಲಲ್ಲಿ. ತೀರ್ಪು ಖರೆಯೆಂದರೆ, ತಾವು ಹೆಂಡತಿಗೆ ಅಂಜುವ ಪುಕ್ಕಲ ಎಂದು ತಾವೇ ಸಹಿ ಹಾಕಿಕೊಟ್ಟಂತೆ. ಅವರು ಉದ್ಯಮಕ್ಕಾಗಿ ಮಾನವನ್ನು ತ್ಯಾಗ ಮಾಡಲು ನಿರ್ಧರಿಸಿದರು.

"ತೀರ್ಪು ಖರೇನ ಐತಿ!" ಎಂದರು ಎದೆ ಸೆಟೆಸಿ. "ಆ ದೆವ್ವ ಪುಕ್ಕಲ. ಹೌದು, ನಾನೂ ಪುಕ್ಕಲ. ಏನೀಗ? ಮೊದಲನೇ ಕಾಳಿಗೇ ಹೇಳಿದ್ನೋ ಇಲ್ಲೋ? ಒಯ್ಯಿ ನಿನ್ನ ಭತ್ತ!"

ಅಂಗಳ ತಲೆದೂಗಿತು. ಕಾಳಪ್ಪನೂ ಬೆಚ್ಚಿದ. ಗಾದಿಲಿಂಗಪ್ಪ ನಿಟ್ಟುಸಿರು ಬಿಟ್ಟು ಟ್ರ್ಯಾಕ್ಟರ್ ಹತ್ತಿದ. ಎಲ್ಲವೂ ಉಳಿಯಿತು ಎನ್ನುವಷ್ಟರಲ್ಲಿ ಹಂಪಯ್ಯನವರ ಮೊಬೈಲು ಬಡಿದುಕೊಂಡಿತು. ಭತ್ತದ ದೂಳು ಕಿವಿಗೆ ಹೋಗುತ್ತದೆಂದು ಅವರು ಫೋನನ್ನು ಸದಾ ಸ್ಪೀಕರಿನಲ್ಲೇ ಇಟ್ಟು ಮಾತಾಡುವವರು. ಅಭ್ಯಾಸಬಲದಿಂದ ಒತ್ತಿದರು.

"ಏನ್ರೀ…" ಎಂದಿತು ಚಂದ್ರಕಲಮ್ಮನವರ ದನಿ.

ಚುಚ್ಚುಗೊಳವೆ ಕೈಜಾರಿ ಠಣ್ಣೆಂದು ಬಿತ್ತು. ಯಾರೂ ನಗಲಿಲ್ಲ, ಎಲ್ಲರೂ ಕಿವಿ ನಿಮಿರಿಸಿ ನಿಂತಿದ್ದರು.

"ಮೂರನೇ ಕಂತು ನೋಡಿದ್ರೇನು?"

"ನೋಡಿದ್ನೇ."

"ಹೆಂಗೈತಿ?"

ಆ ಮೂರಕ್ಷರದ ಪ್ರಶ್ನೆಯ ಹಿಂದೆ ಒಂದು ವರ್ಷದ ಮಧ್ಯಾಹ್ನಗಳಿದ್ದವು, ಒಂದು ಚಮಚ ಅವಲಕ್ಕಿಯೂ ಇತ್ತು. ಚೆನ್ನಾಗಿದೆ ಎಂದರೆ ಊರು ನಗುತ್ತದೆ. ಚೆನ್ನಾಗಿಲ್ಲ ಎಂದರೆ ರಾತ್ರಿಯ ಊಟವಿಲ್ಲ. ಹಂಪಯ್ಯನವರು ಗಂಟಲು ಸರಿಮಾಡಿಕೊಂಡು, ಹಿಂದೆಂದೂ ಆಡದ ಮೃದುವಾದ ದನಿಯಲ್ಲಿ ಹೇಳಿದರು:

"ಇನ್ನಾ ಮೂರು ಕಂತು ಅದಾವಲ್ಲೇ. ಪೂರಾ ನೋಡದ ಹೆಂಗ ಹೇಳಾಕ ಬರ್ತೈತಿ?"

"ಹಂಗಾದ್ರ ಭಾನುವಾರ ಕೂಡಿ ನೋಡೂಣು. ಜಲ್ದಿ ಬರ್ರಿ, ಇವತ್ತು ಪೂರಾ ಹಬ್ಬದ ಅಡಿಗಿ ಮಾಡೀನಿ," ಎಂದ ಚಂದ್ರಕಲಮ್ಮನವರ ದನಿಯಲ್ಲಿ ನಗು ಕೇಳಿಸಿತು.

ಹಂಪಯ್ಯನವರು ನೆಮ್ಮದಿಯಿಂದ ತಲೆಯೆತ್ತಿದರು. ಟ್ರ್ಯಾಕ್ಟರ್ ಹತ್ತಿದ್ದ ಗಾದಿಲಿಂಗಪ್ಪ ಕೆಳಗಿಳಿದಿದ್ದ. ಅವರು ಚುಚ್ಚಿದ್ದ ಚೀಲದ ಬಾಯಿ ಬಿಚ್ಚಿ, ಅವರ ಕಾಲಬುಡದಲ್ಲಿ ಸುರಿದೇಬಿಟ್ಟ. ಚೀಲದ ಬಾಯಲ್ಲಿದ್ದ ಒಂದು ಬೊಗಸೆಗೆ ಮಾತ್ರ ಇಬ್ಬನಿ ಬಡಿದಿತ್ತು. ಉಳಿದದ್ದೆಲ್ಲ ಗರಿಗರಿಯಾಗಿ ಒಣಗಿದ ಭತ್ತ.

"ಹೌದ್ರೀ ಸಾವ್ಕಾರ್ರೇ," ಎಂದ ಅವನು. "ಪೂರಾ ನೋಡದ ಹೆಂಗ ಹೇಳಾಕ ಬರ್ತೈತಿ? ಕುಂದ್ರಿ."

ಹಿಂದಿನ ಹದಿನಾಲ್ಕು ಟ್ರ್ಯಾಕ್ಟರುಗಳ ಹಗ್ಗ ಬಿಚ್ಚುವ ಸದ್ದು ಕೇಳಿಸಿತು. ಹಂಪಯ್ಯನವರು ಪಂಚೆ ಎತ್ತಿ ಕಟ್ಟಿ ಕೂತರು. ಮಧ್ಯಾಹ್ನ ಮೂರಕ್ಕೆ ಮನೆಯಿಂದ ಎರಡನೇ ಸಲ "ಏನ್ರೀ…" ಬಂದಾಗ ಅವರು ಒಂಬತ್ತನೇ ಚೀಲದ ತಳದಲ್ಲಿದ್ದರು.