ರೆಸ್ಟ್ ಆಗದ ಕಂಪ್ಯೂಟರ್

ಮರ್ವಾ ಒಂದು ಲೋಟ ಚಾ ಕುಡಿಯಲು ಎದ್ದು ಹೋದದ್ದೇ ತಪ್ಪಾಯಿತು. ಐದು ನಿಮಿಷ ಬಿಟ್ಟು ಬಂದು ನೋಡುವಾಗ ಕಂಪ್ಯೂಟರ್ ಪರದೆಯ ಬಾಣ ನಿಂತಲ್ಲೇ ನಿಂತಿತ್ತು. ಮೌಸ್ ಎಳೆದಳು, ಕೀಲಿ ಒತ್ತಿದಳು. ಊಹೂಂ. ಐಸಿನಲ್ಲಿಟ್ಟ ಬಂಗುಡೆ ಮೀನಿನ ಹಾಗೆ ಅದು ಕಣ್ಣು ಬಿಟ್ಟುಕೊಂಡೇ ಸೆಟೆದುಹೋಗಿತ್ತು.

ಅವತ್ತು ಮಧ್ಯಾಹ್ನ ಮೂರಕ್ಕೆ ಅವಳಿಗೆ ಇದೇ ಕಂಪ್ಯೂಟರಿನಲ್ಲಿ ಪರೀಕ್ಷೆ. ಬಲ್ಮಠದ ಒಂದು ಕಚೇರಿಗೆ ಮನೆಯಲ್ಲೇ ಕೂತು ಕನ್ನಡ ಟೈಪ್ ಮಾಡಿ ಕೊಡುವ ಕೆಲಸ. ಎಂಟನೇ ತರಗತಿಗೆ ಶಾಲೆ ಬಿಟ್ಟವಳಿಗೆ ಸರ್ಟಿಫಿಕೇಟ್ ಕೇಳದ ಕೆಲಸ ಸಿಗುವುದೇ ಅಪರೂಪ. ನಾಲ್ಕು ಜನರ ಎದುರು ನಿಂತು ಮಾತಾಡಬೇಕಾಗಿಲ್ಲದ ಕೆಲಸ ಇನ್ನೂ ಅಪರೂಪ. ಆದರೆ ಪರೀಕ್ಷೆಯ ಮೊದಲು ಹತ್ತು ನಿಮಿಷ ಕಾಯಬೇಕು, ಆಗ ಏನನ್ನೂ ಮುಟ್ಟಬಾರದು ಎಂದು ಸೂಚನೆಯಲ್ಲಿ ಬರೆದಿತ್ತು.

ಅವಳ ತಾಯಿ, ಉಮ್ಮ ಮೈಮೂನಾ, ಬಾಗಿಲಿಗೆ ಹೋಗಿ ಒಂದೇ ಒಂದು ಸಲ, "ಬಾಗೀ, ಮರ್ವಾಳ ಕಂಪ್ಯೂಟರ್ ಹೋಯ್ತು ಮಾರಾಯ್ತಿ!" ಎಂದರು. ಅಷ್ಟು ಸಾಕಾಯಿತು. ಎದುರು ಮನೆಯ ಬಾಗಿಯಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದರು. ಅವರ ಹಿಂದೆ ಗಂಡ ನೋಣಯ್ಯ, ಕರೆಂಟ್ ಆಫೀಸಿನಿಂದ ನಿವೃತ್ತರಾದವರು. ಸುದ್ದಿ ಫೋನಿನಲ್ಲಿ ಮುಟ್ಟಿದ್ದೇ ಸಲಾಂ ಮಾಮ ಕೂಳೂರು ಸೇತುವೆಯ ಲಾರಿಗಳ ಸಾಲಿನಲ್ಲಿ ಬೈಕ್ ನುಗ್ಗಿಸಿಕೊಂಡು ಬಂದರು. ಅವರು ಉಮ್ಮನ ತಮ್ಮ. ಕೆಲಸದ ಸುದ್ದಿ ತಂದವರೂ ಅವರೇ, ತಮ್ಮ ಅಂಗಡಿಯ ಹಳೆ ಕಂಪ್ಯೂಟರ್ ಕೊಟ್ಟವರೂ ಅವರೇ.

ನೋಣಯ್ಯ ಪೆಟ್ಟಿಗೆಯ ಬೆನ್ನಿಗೆ ಕೈಯಿಟ್ಟು ನೋಡಿದರು. "ಬಿಸಿ ಉಂಟು. ಬೆಳಿಗ್ಗೆಯಿಂದ ದುಡಿಸಿದ್ದೀಯಲ್ಲ ಮಗಾ? ಸ್ವಲ್ಪ ರೆಸ್ಟ್ ಕೊಡು."

ಆಫ್ ಮಾಡಿ, ಆನ್ ಮಾಡಿ, ಅರ್ಧ ಗಂಟೆ ಯಾರೂ ಮುಟ್ಟದೆ ಬಿಟ್ಟರು. ಆಮೇಲೆ ನೋಡಿದರೆ ಮತ್ತೆ ಬಂಗುಡೆ.

"ಜ್ವರ ತಲೆಗೇರಿದೆ," ಎಂದು ಬಾಗಿಯಕ್ಕ ಮೈ ಒರೆಸುವ ಬೈರಾಸನ್ನು ಒದ್ದೆ ಮಾಡಿ ತಂದರು. ಅದನ್ನು ಪೆಟ್ಟಿಗೆಯ ಮೇಲೆ ಹಾಸುವಷ್ಟರಲ್ಲಿ ಮರ್ವಾ ಅಡ್ಡ ಬಂದಳು. ನೋಣಯ್ಯ ಹೆಂಡತಿಯನ್ನು ದುರುಗುಟ್ಟಿ ನೋಡಿದರು. "ಎಂತ ಮಾಡ್ತಿ ನೀನು? ಶಾಕ್ ಹೊಡೆದ್ರೆ?"

"ಮೂವತ್ತು ವರ್ಷ ಕಂಬ ಹತ್ತಿದ ನಿಮಗೇ ಹೊಡೀಲಿಲ್ಲ, ನನಗೆಂತ ಹೊಡಿಯುವುದು?"

"ನೀವು ಜಗಳ ಮಾಡ್ಬೇಡಿ, ನಾನು ಟೆಸ್ಟ್ ಮಾಡ್ತೇನೆ," ಎಂದು ಸಲಾಂ ಮಾಮ ಅದನ್ನು ಮತ್ತೆ ಆನ್ ಮಾಡಿ ಇಸ್ಪೀಟ್ ಆಟ ತೆರೆದು ಕುಳಿತರು. ಒಂದು ಗಂಟೆ ಆಡಿದರು. ಕಂಪ್ಯೂಟರ್ ಒಂದು ಸಲವೂ ತಡವರಿಸಲಿಲ್ಲ. "ನೋಡು, ಸರಿಯಾಯ್ತು!" ಎಂದು ಎದ್ದು ಊಟಕ್ಕೆ ಹೋದರು. ಅವರು ಮೀನಿನ ಮುಳ್ಳು ಬಿಡಿಸಿ ಮುಗಿಸುವ ಮೊದಲೇ ಅದು ಮತ್ತೆ ಸೆಟೆದಿತ್ತು.

ಮರ್ವಾ ಮೂಲೆಯ ಸ್ಟೂಲಿನಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಮಾತಾಡುವವರಿಗೆ ಕಾಣದ ಎಷ್ಟೋ ಸಂಗತಿಗಳು ಸುಮ್ಮನಿರುವವರಿಗೆ ಕಾಣುತ್ತವೆ. ದುಡಿಸುವಾಗ ಇದಕ್ಕೆ ಏನೂ ಆಗುವುದಿಲ್ಲ. ಬಿಟ್ಟಾಗಲೇ ಸಾಯುತ್ತದೆ.

"ಅದಕ್ಕೆ ರೆಸ್ಟ್ ಆಗುವುದಿಲ್ಲ," ಎಂದಳು, ಉಮ್ಮನ ಕಿವಿಯಲ್ಲಿ.

"ರೆಸ್ಟ್ ಆಗುವುದಿಲ್ಲವಂತೆ!" ಉಮ್ಮ ಇಡೀ ಮಹಡಿಗೆ ಕೇಳುವಂತೆ ಹೇಳಿದರು.

"ರೆಸ್ಟ್ ಆಗದವರು ಯಾರಾದ್ರೂ ಉಂಟಾ ಲೋಕದಲ್ಲಿ?" ಎಂದು ನೋಣಯ್ಯ ನಕ್ಕರು.

ಮರ್ವಾ ಮೊಬೈಲ್ ಹಿಡಿದು ಹುಡುಕತೊಡಗಿದಳು. ಯಾರೋ ಪುಣ್ಯಾತ್ಮ ತನ್ನ ಕಂಪ್ಯೂಟರಿನ ಇದೇ ಗೋಳನ್ನು ಬರೆದಿದ್ದ. ಕೆಲಸವಿಲ್ಲದಾಗ ಕರೆಂಟ್ ಉಳಿಸಲು ಪ್ರೊಸೆಸರ್ ನಿದ್ದೆಗೆ ಜಾರುತ್ತದಂತೆ, ಮೊದಲು ತೂಕಡಿಕೆ, ಆಮೇಲೆ ಗಾಢ ನಿದ್ದೆ. ಕೆಲವು ಹಳೆಯ ಕಂಪ್ಯೂಟರುಗಳು ಆ ಗಾಢ ನಿದ್ದೆಯಿಂದ ಏಳುವುದೇ ಇಲ್ಲವಂತೆ. ಆನ್ ಆಗುವಾಗಲೇ ಒಂದು ಕೀಲಿ ಒತ್ತಿ ಒಳಗಿನ ಸೆಟ್ಟಿಂಗ್ ಪುಟಕ್ಕೆ ಹೋದರೆ ಆ ಉಳಿತಾಯವನ್ನು ನಿಲ್ಲಿಸಬಹುದು.

ಒತ್ತಿದಳು. ನೀಲಿ ಪರದೆಯ ತುಂಬಾ ಇಂಗ್ಲಿಷ್. ಬಾಗಿಯಕ್ಕ ಎದೆಗೆ ಕೈಯಿಟ್ಟುಕೊಂಡರು. ಮರ್ವಾ ಮೊಬೈಲಿನ ಅಕ್ಷರ, ಪರದೆಯ ಅಕ್ಷರ ಒಂದೊಂದನ್ನೇ ಜೋಡಿಸಿ ನೋಡುತ್ತಾ ಆ ಸಾಲನ್ನು ಹಿಡಿದಳು.

"ಕರೆಂಟ್ ಉಳಿಸುವುದನ್ನು ಆಫ್ ಮಾಡುವುದಾ?" ನೋಣಯ್ಯನವರ ಧ್ವನಿ ಏರಿತು. "ಜೀವಮಾನ ಇಡೀ ಜನರಿಗೆ ಉಳಿಸಿ, ಉಳಿಸಿ ಅಂತ ಹೇಳಿದವನು ನಾನು. ನನ್ನ ಕಣ್ಣೆದುರೇ!"

"ಹಾಗಾದ್ರೆ ಕಣ್ಣು ಮುಚ್ಚಿ," ಎಂದರು ಬಾಗಿಯಕ್ಕ.

ಮರ್ವಾ ಒತ್ತಿಬಿಟ್ಟಳು.

ಗಂಟೆ ಎರಡೂಕಾಲು. ಎಲ್ಲರೂ ಕೈ ಹಿಂದೆ ಕಟ್ಟಿಕೊಂಡು, ಒಲೆಯ ಮೇಲಿನ ಹಾಲು ನೋಡಿದ ಹಾಗೆ ಪರದೆ ನೋಡುತ್ತಾ ನಿಂತರು. ಹತ್ತು ನಿಮಿಷ. ಇಪ್ಪತ್ತು. ಮರ್ವಾ ಒಂದು ಬೆರಳಿನಿಂದ ಮೌಸ್ ತಳ್ಳಿದಳು. ಬಾಣ ಓಡಿತು.

ಮೈಮೂನಾ ಮಗಳ ಹಣೆಗೆ ಮುತ್ತಿಟ್ಟರು. "ನಾನು ಹೇಳ್ಲಿಲ್ವಾ, ಕಂಪ್ಯೂಟರ್ ಒಳ್ಳೆಯದೇ ಅಂತ?" ಎಂದು ಸಲಾಂ ಮಾಮ ಕಾಲರ್ ಸರಿಮಾಡಿಕೊಂಡರು. ನೋಣಯ್ಯ ಮಾತ್ರ ಕರೆಂಟ್ ಲೆಕ್ಕ ಸರಿದೂಗಲೆಂದು ಕೋಣೆಯ ಎರಡು ಲೈಟು ಆರಿಸಿ ಹೊರಟರು.

ಮೂರಕ್ಕೆ ಮಾಮ ತಮ್ಮ ಮೊಬೈಲಿಗೆ ಬಂದಿದ್ದ ನಂಬರ್ ಒತ್ತಿ ಪರೀಕ್ಷೆ ತೆರೆದುಕೊಟ್ಟು ಹೊರಗೆ ಬಂದರು. ಹತ್ತು ನಿಮಿಷದ ಕಾಯುವಿಕೆ ಸಲೀಸಾಗಿ ದಾಟಿತು. ಆಮೇಲೆ ಮುಚ್ಚಿದ ಬಾಗಿಲಾಚೆ ಹಂಚಿನ ಮೇಲೆ ಮಳೆ ಬಿದ್ದ ಹಾಗೆ ಒಂದೇ ಸಮನೆ ಸದ್ದು. ನಿಮಿಷಕ್ಕೆ ನಲವತ್ತು ಪದ. ಹೊರಗೆ ಬಂದಾಗ ಅವಳ ಕಿವಿ ಕೆಂಪಾಗಿತ್ತು, ಮುಖದ ನಗು ಅಡಗುತ್ತಿರಲಿಲ್ಲ.

ನಾಲ್ಕೂವರೆಗೆ ಮಾಮನ ಫೋನ್ ರಿಂಗಾಯಿತು. ಅವರು ಸ್ಪೀಕರ್ ಹಾಕಿದರು.

"ಸಲಾಂ ಅವರಾ? ಅಭಿನಂದನೆ! ಇವತ್ತಿನ ಪರೀಕ್ಷೆಯಲ್ಲಿ ನೀವೇ ಫಸ್ಟ್," ಎಂದಿತು ಹೆಣ್ಣುಧ್ವನಿ. "ಎಂಥ ಬೆರಳು ಸರ್ ನಿಮ್ಮದು! ಸೋಮವಾರದಿಂದ ಕೆಲಸ ಶುರು ಮಾಡಬಹುದಾ?"

ಒಂದೇ ಬೆರಳಿನಲ್ಲಿ ಅಂಗಡಿಯ ಬಿಲ್ಲು ಹೊಡೆಯುವ ಸಲಾಂ ಮಾಮ ತಮ್ಮ ಬೆರಳನ್ನೇ ನೋಡಿಕೊಂಡರು.

"ಸಲಾಂ, ಅರ್ಜಿ ಯಾರ ಹೆಸರಲ್ಲಿ ಹಾಕಿದ್ದಿ?" ಉಮ್ಮ ಕೇಳಿದರು.

"ಅದು... ಭಾವ ದುಡಿಯಲು ದಮ್ಮಾಮಿಗೆ ಹೋದ ಮೇಲೆ ಈ ಮನೆಯ ಗ್ಯಾಸು, ಸಿಮ್ಮು, ಬಾಡಿಗೆ ಕಾಗದ ಎಲ್ಲ ನನ್ನ ಹೆಸರಲ್ಲೇ ಅಲ್ವಾ ಅಕ್ಕ? ಕೈ ಅಭ್ಯಾಸದಲ್ಲಿ..."

"ಹಲೋ? ಸಲಾಂ ಸರ್?"

ಮರ್ವಾ ಸೆರಗಿನ ತುದಿ ಸುತ್ತಿದಳು, ಬಿಟ್ಟಳು. ಮಾಮನ ಕೈಯಿಂದ ಫೋನ್ ತೆಗೆದುಕೊಂಡಳು.

"ಟೈಪ್ ಮಾಡಿದ್ದು ನಾನು. ಮರ್ವಾ."

ಆಚೆಯಿಂದ ಪಟ್ಟಿ ತಿರುವಿದ ಸದ್ದು ಬಂತು. "ಹಾಗಾದ್ರೆ ಇದು ಲೆಕ್ಕಕ್ಕೆ ಬರುವುದಿಲ್ಲಮ್ಮ. ಕೆಲಸ ಎರಡನೆಯವರಿಗೆ ಹೋಗ್ತದೆ. ಮುಂದಿನ ತಿಂಗಳು ಇನ್ನೊಂದು ಪರೀಕ್ಷೆ ಉಂಟು. ನಿಮ್ಮ ಹೆಸರಲ್ಲಿ ಹೊಸ ಅರ್ಜಿ ಹಾಕಿ. ಹಾಕ್ತೀರಲ್ಲ?"

"ಹಾಕ್ತೇನೆ."

ಹೊಸ ಅರ್ಜಿ ತೆರೆದು, ಹೆಸರಿನ ಖಾಲಿ ಜಾಗದ ಎದುರು ಅವಳು ಕುಳಿತಳು. ನಲವತ್ತು ಪದದ ಬೆರಳುಗಳು ಆ ಎರಡಕ್ಷರಕ್ಕೆ ತುಂಬಾ ಹೊತ್ತು ತೆಗೆದುಕೊಂಡವು.

ಸಲಾಂ ಮಾಮ ಹಿಂದಿನಿಂದ ಬಗ್ಗಿದರು. "ಫೋನ್ ನಂಬರ್ ಮಾತ್ರ ನನ್ನದೇ ಹಾಕು ಮಗಾ. ನೀನು ಅಪರಿಚಿತರ ಫೋನ್ ತೆಗೆಯುವುದಿಲ್ಲ ಅಲ್ವಾ?"

"ತೆಗೆಯುತ್ತೇನೆ," ಎಂದಳು ಮರ್ವಾ. ಈ ಸಲ ಉಮ್ಮ ಅದನ್ನು ಯಾರಿಗೂ ತಿರುಗಿಸಿ ಹೇಳಬೇಕಾಗಲಿಲ್ಲ.